ಸಾಂತಾಕ್ರೂಜಿನಲ್ಲಿ ಎರಡು ಚಂದ್ರ

ಸಾಂತಾಕ್ರೂಜ್, ಮುಂಬಯಿ
೩ ನವೆಂಬರ್ ೧೯೫೪

ನಾಗವ್ವ,

ದೀಪಾವಳಿಗೆ ಬರುತ್ತೇನೆಂದು ಬರೆದು ಬರಲಿಲ್ಲ. ನೀನು ಸಿಟ್ಟಾಗಿರುತ್ತೀ, ಮಗಳು ದಾನವ್ವ ಮುಖ ಊದಿಸಿಕೊಂಡಿರುತ್ತಾಳೆ. ಕಾರಣ ಕೇಳಿದ ಮೇಲೆ ಇಬ್ಬರೂ ಸಿಟ್ಟು ಇಳಿಸಿ. ಶೇಠನ ಫರ್ನಿಚರ್ ಕಾರ್ಖಾನೆಯ ಕೂಲಿ ಬಿಟ್ಟೆ. ಸ್ವಂತ ಬಡಗಿ ಕೆಲಸ ಹಿಡಿದಿದ್ದೇನೆ.

ಸ್ಟೇಷನ್ನಿನ ಹತ್ತಿರ ಉಡುಪಿ ಕಡೆಯ ಶೇಖರ ಎಂಬವರ ಹೋಟೆಲಿದೆ. ಅದರ ಹಿಂದೆ ಒಂದು ತಗಡಿನ ಶೆಡ್ಡು ಖಾಲಿ ಬಿದ್ದಿತ್ತು. "ಶೆಡ್ಡು ನಿಮ್ಮದೇ ಅಂತ ತಿಳ್ಕೊಳ್ಳಿ ಮಾರಾಯ್ರೆ, ಮೊದಲು ನನ್ನ ಗಲ್ಲೆಗೊಂದು ಒಳ್ಳೆ ಮೇಜು ಆಗ್ಲಿ" ಎಂದರು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಇಷ್ಟು ವರ್ಷ ಒಂದೇ ಅಳತೆಯ ಡಬ್ಬಿಗೆ ಒಂದೇ ಅಳತೆಯ ಕಿಟಕಿ ಕೂರಿಸಿದೆ. ಯಾರು ಆ ಕಿಟಕಿಯ ಮೇಲೆ ಮೊಣಕೈಯಿಟ್ಟು ಕೂರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಕೂರುವವರ ಬೆನ್ನು ನೋಡಿ ಕುರ್ಚಿ, ಬರೆಯುವವರ ಕೈ ನೋಡಿ ಮೇಜು. ಶೇಖರರು ಎಡಕ್ಕೆ ವಾಲಿ ಕೂರುವವರು. ಅದಕ್ಕೇ ಮೇಜಿನ ಎಡ ಅಂಚನ್ನು ದುಂಡಗೆ ಮಾಡಿಕೊಟ್ಟೆ. ಕೂತವರು ಏಳುತ್ತಲೇ ಇಲ್ಲ.

ಇನ್ನೊಂದು ಸಂಗತಿ. ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಸುಮ್ಮನೆ ಕುಳಿತಿದ್ದೆ. ಹಬ್ಬದ ಸಂಜೆ ಎದುರಿನ ಚಾಳಿನ ಗ್ಯಾಲರಿಯುದ್ದಕ್ಕೂ ಹಣತೆ ಹಚ್ಚಿದ್ದರು. ಒಂದೊಂದು ದೀಪದ ಸುತ್ತ ಒಂದೊಂದು ಬಳೆ, ಕಾಮನಬಿಲ್ಲಿನ ಬಣ್ಣದ್ದು. ಸ್ಟೇಷನ್ನಿನ ದೀಪಗಳಿಗೂ ಹಾಗೆಯೇ. ಸಮುದ್ರದ ಆವಿ ಇರಬೇಕು. ನಮ್ಮ ಕಡೆಯ ಒಣಗಾಳಿಯಲ್ಲಿ ಬೆಳೆದವನಿಗೆ ದೀಪ ಹೀಗೂ ಉರಿಯುತ್ತದೆಂದು ಗೊತ್ತಿರಲಿಲ್ಲ. ನಿನ್ನ ಹಸಿರು ಬಳೆ ನೆನಪಾದವು. ಶೇಖರರಿಗೆ ಹೇಳಲಿಲ್ಲ, ನಗುತ್ತಾರೆ.

ಈರಣ್ಣ


ಹಳೇ ಹುಬ್ಬಳ್ಳಿ
೨೦ ನವೆಂಬರ್ ೧೯೫೪

ದಾನವ್ವನ ಅಪ್ಪನವರಿಗೆ,

ಕಾಗದ ಬಂತು. ಮೊದಲು ಅಕ್ಷರ ನೋಡಿದೆ, ನಿಮ್ಮದೇ. ಆಮೇಲೆ ಓದಿದೆ, ನಿಮ್ಮದಲ್ಲ ಅನ್ನಿಸಿತು.

ಸಿಟ್ಟಾಗಬೇಡಿ. ಮದುವೆಯಾದಾಗಿನಿಂದ ನನಗೆ ಗೊತ್ತಿರುವ ನೀವು ಕಾರ್ಖಾನೆಯ ಭೋಂಗಾ ಕೂಗಿದ ಮೇಲೆ ಬರುತ್ತಿದ್ದಿರಿ, "ನೀಡು" ಅನ್ನುತ್ತಿದ್ದಿರಿ, ಉಂಡ ಮೇಲೆ "ಹಾಸು" ಅನ್ನುತ್ತಿದ್ದಿರಿ. ನನ್ನ ಬಳೆ ಹಸಿರೋ ಕೆಂಪೋ ನಿಮಗೆ ಗೊತ್ತಿದೆ ಎಂದು ನನಗೇ ಗೊತ್ತಿರಲಿಲ್ಲ. ದಾನವ್ವನಿಗೆ ಓದಿ ಹೇಳುವಾಗ ಆ ಸಾಲು ಬಿಟ್ಟು ಓದಿದೆ. ಅವಳಿಗೆ ಹನ್ನೊಂದು ನಡೆದಿದೆ, ಎಲ್ಲ ತಿಳಿಯುತ್ತದೆ. "ಯವ್ವಾ, ನಡುವ ಏನೋ ನುಂಗಿದಿ" ಎಂದಳು.

ಪಕ್ಕದ ಮನೆಯ ಬಸಲಿಂಗವ್ವ ಬಂದು, "ಏನ್ ಬರದಾನ ನಿನ್ನ ಗಂಡ?" ಎಂದು ಕೇಳಿದಳು. "ಆರಾಮ ಅದಾರಂತ" ಎಂದೆ. ಸುಳ್ಳೇನೂ ಅಲ್ಲವಲ್ಲ.

ಸ್ವಂತ ಕೆಲಸ ಹಿಡಿದದ್ದು ಕೇಳಿ ಹೆದರಿಕೆಯೂ ಆಯಿತು, ಹಿಗ್ಗೂ ಆಯಿತು. ಇಲ್ಲಿಯ ಚಿಂತೆ ಬೇಡ. ನೀವು ಬಿಟ್ಟು ಹೋದ ಉಳಿ, ರಂದಾ, ಗರಗಸಗಳಿಗೆ ತುಕ್ಕು ಹಿಡಿಯದಂತೆ ನೋಡಿಕೊಂಡಿದ್ದೇನೆ. ಹೇಗೆಂದು ಕೇಳಬೇಡಿ. ದೀಪದ ಬಳೆಗಳ ಬಗ್ಗೆ ಇನ್ನಷ್ಟು ಬರೆಯಿರಿ.

ನಾಗವ್ವ


ಸಾಂತಾಕ್ರೂಜ್
೧೦ ಫೆಬ್ರವರಿ ೧೯೫೫

ನಾಗವ್ವ,

ನನ್ನ ಬದುಕಿನ ಕೆಲಸ ಸಿಕ್ಕಿದೆ.

ಜುಹೂ ರಸ್ತೆಯಲ್ಲಿ ಒಂದು ಬಂಗಲೆ ಏಳುತ್ತಿದೆ. ಯಜಮಾನಿ ವಯಸ್ಸಾದ ಪಾರ್ಸಿ ಬಾಯಿ, ಒಂಟಿ ಜೀವ. ಶೇಖರರ ಹೋಟೆಲಿಗೆ ಬಂದಿದ್ದಾಗ ಗಲ್ಲೆಯ ಮೇಜಿನ ಮೇಲೆ ಕೈಯಾಡಿಸಿ, ಮಾಡಿದ ಮಿಸ್ತ್ರಿ ಯಾರೆಂದು ಕೇಳಿಕೊಂಡು ಶೆಡ್ಡಿಗೇ ಬಂದರು. ಅವರಿಗೆ ಸಾಗವಾನಿಯ ಮೆಟ್ಟಿಲು ಬೇಕು. ನೆಲದಿಂದ ಎದ್ದು, ಗೋಡೆಗೆ ಒರಗದೆ, ತಿರುಗುತ್ತ ತಿರುಗುತ್ತ ಮಾಳಿಗೆ ಸೇರಬೇಕು. ಪಕ್ಕದಲ್ಲಿ ಕೈಯಿಟ್ಟು ಹತ್ತುವ ಕಟಾಂಜನ ಎಲ್ಲಿಯೂ ತುಂಡಾಗಿ ಕೂಡಿಸಿದಂತೆ ಕಾಣಬಾರದು. "ಪಾನೀ ಕೆ ಮಾಫಿಕ್, ಮಿಸ್ತ್ರಿ" ಎಂದರು. ನೀರಿನ ಹಾಗೆ.

ಇಂಥದ್ದೊಂದನ್ನು ಮಾಡಬೇಕೆಂದು ಉಳಿ ಹಿಡಿದ ದಿನದಿಂದ ಆಸೆ. ಯಾರಿಗೂ ಹೇಳಿರಲಿಲ್ಲ, ನಿನಗೂ.

ಮೊನ್ನೆ ಹುಣ್ಣಿಮೆ. ಬಂಗಲೆಯ ಅಳತೆ ತೆಗೆದುಕೊಂಡು ಸಂಜೆ ಸಮುದ್ರದ ದಂಡೆಗೆ ನಡೆದೆ. ಬೆನ್ನ ಹಿಂದೆ ತೆಂಗಿನ ಗರಿಗಳ ಮೇಲೆ ಚಂದ್ರ ಏಳುತ್ತಿದ್ದ. ಒಬ್ಬನಲ್ಲ ನಾಗವ್ವ, ಅವನ ಹೆಗಲಿಗೆ ಒರಗಿಕೊಂಡು ಇನ್ನೊಬ್ಬ, ಸ್ವಲ್ಪ ಮಸುಕಾದವನು. ಇಬ್ಬರೂ ಕೂಡಿಯೇ ಮೇಲೆ ಬಂದರು. ಹುಬ್ಬಳ್ಳಿಯ ಚಂದ್ರ ನನ್ನನ್ನು ಹುಡುಕಿಕೊಂಡು ಬಂದನೇನೋ ಅಂದುಕೊಂಡೆ. ನೀನು ಪಕ್ಕದಲ್ಲಿ ಇರಬೇಕಿತ್ತು.

ಹಗಲಿನಲ್ಲೂ ಈ ಊರು ಬೇರೆಯೇ ಆಗುತ್ತಿದೆ. ಬಿಳಿ ಗೋಡೆ, ಬಿಳಿ ಅಂಗಿ ಎಲ್ಲವನ್ನೂ ಜೇನಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತದೆ. ಲೋಕಲ್ ಗಾಡಿ ಹಾಲಿನೊಳಗಿಂದ ಬಂದು ಹಾಲಿನೊಳಗೇ ಹೋಗುತ್ತದೆ. ಎದುರು ಬರುವವರು ತೀರ ಹತ್ತಿರ ಬಂದ ಮೇಲೆಯೇ ಮನುಷ್ಯರಾಗುವುದು. ಅಲ್ಲಿಯ ತನಕ ಎಲ್ಲರೂ ನೀನೇ ಇರಬಹುದು.

ಈರಣ್ಣ


ಹಳೇ ಹುಬ್ಬಳ್ಳಿ
೧೨ ಮಾರ್ಚ್ ೧೯೫೫

ದಾನವ್ವನ ಅಪ್ಪನವರಿಗೆ,

ಹೋಳಿ ಹುಣ್ಣಿಮೆಯ ದಿನ ಓಣಿಯವರೆಲ್ಲ ಹಲಗೆ ಬಡಿಯುತ್ತಿದ್ದರೆ ನಾನು ಮಾಳಿಗೆ ಹತ್ತಿ ಚಂದ್ರನನ್ನು ನೋಡುತ್ತಿದ್ದೆ. ನಮ್ಮ ಚಂದ್ರ ಒಬ್ಬನೇ. ಕಣ್ಣು ಕಿರಿದು ಮಾಡಿ ನೋಡಿದೆ, ಸೆರಗು ಅಡ್ಡ ಹಿಡಿದು ನೋಡಿದೆ. ಒಬ್ಬನೇ. ಅವನನ್ನು ನೋಡಿ ಅಯ್ಯೋ ಅನ್ನಿಸಿತು.

ನಾಲ್ಕು ದಿನದ ಹಿಂದೆ ಒಂದು ಕನಸು ಬಿತ್ತು. ನೀವು ಬರೆದ ಮೆಟ್ಟಿಲು ಹತ್ತುತ್ತಿದ್ದೇನೆ. ಮೆಟ್ಟಿಲು ಮೆತ್ತಗಿದೆ, ಒದ್ದೆಯಾಗಿದೆ, ಕಾಲಿಟ್ಟರೆ ಉಂಗುರ ಉಂಗುರವಾಗಿ ಅಲೆ ಏಳುತ್ತದೆ. ಮೇಲೆ ಹೋದರೆ ಮಾಳಿಗೆ ಇಲ್ಲ, ಹಾಲು. ಅದರೊಳಗೆ ಯಾರೋ ರಂದಾ ಹೊಡೆಯುವ ಸಪ್ಪಳ. ಅದು ನಿಮ್ಮ ಕೈಯ ಸಪ್ಪಳವೇ. ನಿದ್ದೆಯಲ್ಲೂ ಗುರುತು ಹಿಡಿದೆ.

ನಿಮಗೆ ಗೊತ್ತು, ಕುಂದಗೋಳದ ನಮ್ಮಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಬಾಗಿಲು ಚೌಕಟ್ಟಿಗೆ ಗೆರೆ ಹೊಡೆಯುವಾಗ ಸುಣ್ಣದ ದಾರದ ಇನ್ನೊಂದು ತುದಿ ಹಿಡಿಯುತ್ತಿದ್ದವಳು ನಾನು. ಅಪ್ಪನ ನಂತರ ಯಾವ ಗಂಡಸೂ ನನಗೆ ತನ್ನ ಕೆಲಸದ ಬಗ್ಗೆ ಇಷ್ಟು ಹೇಳಿದ್ದಿಲ್ಲ. ನೀವು ಈಗ ಹೇಳುತ್ತಿದ್ದೀರಿ. ಇಷ್ಟು ಹೇಳಿ ದೂರ ಇಟ್ಟರೆ ಹೇಗೆ? ನಮ್ಮನ್ನೂ ಕರೆಸಿಕೊಳ್ಳಿ. ಒಂದು ಕೋಣೆ ಸಾಕು. ಆ ಊರಿನ ಬೆಳಕು ನನಗೂ ಬೇಕಾಗಿದೆ.

ನಾಗವ್ವ


ಸಾಂತಾಕ್ರೂಜ್
೧೮ ಜೂನ್ ೧೯೫೫

ನಾಗವ್ವ,

ಈಗ ಬರಬೇಡ. ಮಳೆ ಹಿಡಿದಿದೆ, ಶೆಡ್ಡು ಸೋರುತ್ತದೆ. ಇರಲು ಜಾಗವಿಲ್ಲ. ಕೆಲಸ ನಡೆದಿದೆ. ದಾನವ್ವನ ಸಾಲೆ ತಪ್ಪಿಸಬೇಡ.

ಈರಣ್ಣ


ಹಳೇ ಹುಬ್ಬಳ್ಳಿ
೬ ಜುಲೈ ೧೯೫೫

ದಾನವ್ವನ ಅಪ್ಪನವರಿಗೆ,

ನಿಮ್ಮ ಅಕ್ಷರ ದೊಡ್ಡವಾಗಿವೆ, ಮಾತು ಸಣ್ಣವಾಗಿವೆ. ಹೇಳಲು ಏನೂ ಇಲ್ಲದಾಗ ಹಾಳೆ ತುಂಬಿಸಲು ಹೀಗೆ ಬರೆಯುತ್ತಾರೇನೋ. ನಾನು ಬರುತ್ತೇನೆ ಎಂದದ್ದಕ್ಕೆ ಚಂದ್ರ, ದೀಪ, ಜೇನು ಎಲ್ಲ ಒಮ್ಮೆಲೇ ಮುಗಿದವು.

ಅಲ್ಲಿ ಇನ್ನೊಬ್ಬಳಿದ್ದಾಳೆ ಎಂದು ಬಸಲಿಂಗವ್ವ ಹೇಳುತ್ತಾಳೆ. ನಾನು ಹಾಗೆ ತಿಳಿದಿಲ್ಲ. ಬಂಗಲೆಗಳಿಗೆ ಹೋಗಿ ಬರುವ ಮಿಸ್ತ್ರಿಗೆ ಹಳೇ ಹುಬ್ಬಳ್ಳಿಯ ಹೆಂಡತಿಯನ್ನು ನಾಲ್ಕು ಮಂದಿಗೆ ತೋರಿಸಲು ನಾಚಿಕೆ ಎಂದು ತಿಳಿದಿದ್ದೇನೆ.

ಹಾಗಿದ್ದರೆ ಇದನ್ನೂ ಕೇಳಿ ಇನ್ನಷ್ಟು ನಾಚಿಕೊಳ್ಳಿ. ನೀವು ಹೋದ ವರ್ಷವೇ ನಿಮ್ಮ ಹತ್ಯಾರಗಳ ಪೆಟ್ಟಿಗೆ ತೆಗೆದೆ. ಮೊದಲು ನಮ್ಮ ಮನೆಯ ಮಣೆ ಮಾಡಿದೆ, ಆಮೇಲೆ ಓಣಿಯವರಿಗೆ. ಬಸಲಿಂಗವ್ವನ ಮೊಮ್ಮಗನಿಗೆ ತೊಟ್ಟಿಲು ಮಾಡಿದೆ. ಆ ಕೂಸು ಈಗ ಅದರಲ್ಲೇ ಮಲಗುತ್ತದೆ. "ಬಡಿಗ್ಯಾರ ಹೆಣ್ಣಮಗಳು ಉಳಿ ಹಿಡದಾಳ" ಎಂದು ನಗುವವರು ನಕ್ಕರು, ತೊಟ್ಟಿಲು ಬೇಕಾದವರು ಬಂದರು. ನಿಮಗೆ ಹೇಳಿರಲಿಲ್ಲ. ಹೇಳುವಷ್ಟು ಹತ್ತಿರ ನೀವು ಬಂದಿದ್ದೀರಿ ಎಂದು ಅಂದುಕೊಂಡಾಗಲೇ ಈ ಕಾಗದ ಬಂತು.

ನಾಗವ್ವ


ಸಾಂತಾಕ್ರೂಜ್
೨ ಸೆಪ್ಟೆಂಬರ್ ೧೯೫೫

ನಾಗವ್ವ,

ನಿನ್ನ ಕಾಗದವನ್ನು ನಾನು ಓದಲಿಲ್ಲ, ಶೇಖರರ ಕೈಯಲ್ಲಿ ಓದಿಸಿದೆ. ಓದಿಸಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಯಿತು, ಅದಕ್ಕೇ ತಡ. ಇದನ್ನು ಬರೆಯುತ್ತಿರುವುದು ಮಾತ್ರ ನಾನೇ. ಸಾಲಿನ ಮೇಲೆ ಸಾಲು ಹತ್ತಿದ್ದರೆ ಹೊಂದಿಸಿಕೊಂಡು ಓದು.

ಮೇ ತಿಂಗಳಲ್ಲಿ ಕಟಾಂಜನದ ಮೊದಲ ತುಂಡುಗಳನ್ನು ಕೂಡಿಸಿ ನಿಲ್ಲಿಸಿದೆ. ಪಾರ್ಸಿ ಬಾಯಿ ಎತ್ತಲೋ ನೋಡುತ್ತ ಅದರ ಮೇಲೆ ಕೈಯಾಡಿಸಿಕೊಂಡು ಬಂದರು. ಒಂದು ಕಡೆ ಕೈ ನಿಂತಿತು. "ಮಿಸ್ತ್ರಿ, ಇಧರ್ ಹಾಥ್ ರಖ್ಖೋ" ಎಂದರು. ಇಟ್ಟೆ. ಎರಡು ತುಂಡು ಕೂಡುವಲ್ಲಿ ಒಂದು ಮೇಲಾಗಿ ಒಂದು ಕೆಳಗಾಗಿತ್ತು. ಬೆರಳು ತಡವರಿಸುವಷ್ಟು. ನನ್ನ ಕಣ್ಣಿಗೆ ಅದು ನೀರಿನಂತೆಯೇ ಇತ್ತು. ಅವರು ಬಯ್ಯಲಿಲ್ಲ. ನನ್ನ ಗದ್ದ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕಣ್ಣು ನೋಡಿದರು. ಆಮೇಲೆ ಶೇಖರರನ್ನು ಕರೆಸಿ ಮಾತಾಡಿದರು.

ಶೇಖರರು ಗಲ್ಲೆ ಬಿಟ್ಟು ನನ್ನನ್ನು ಬಸ್ಸಿನಲ್ಲಿ ಸಯನ್ನಿಗೆ ಕರೆದುಕೊಂಡು ಹೋದರು. ದೊಡ್ಡ ಆಸ್ಪತ್ರೆಯ ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ ಒಂದೊಂದಾಗಿ ಕೇಳಿದರು. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆಯೇ? ಬಿಳಿ ಬಣ್ಣ ಹಳದಿಯಾಗಿದೆಯೇ? ಚಂದ್ರ ಎರಡಾಗಿ ಕಾಣುತ್ತಾನೆಯೇ? ಎದುರು ಬರುವವರ ಮುಖ ಹತ್ತಿರ ಬಂದ ಮೇಲೆಯೇ ತಿಳಿಯುವುದೇ? ನಾನು ನಿನಗೆ ಬರೆದ ಕಾಗದಗಳನ್ನು ಅವರು ಓದಿಕೊಂಡು ಬಂದಿದ್ದಾರೇನೋ ಅನ್ನಿಸಿತು. ಎಲ್ಲದಕ್ಕೂ ಹೌದು ಎಂದೆ. "ಮೋತಿಬಿಂದು" ಎಂದರು. ಎರಡೂ ಕಣ್ಣಿಗೆ ಪೊರೆ.

ಈಗಲೇ ತೆಗೆಯಲು ಬರುವುದಿಲ್ಲವಂತೆ. ಅದು ಒಳಗೆ ಹಣ್ಣಾಗಬೇಕಂತೆ, ವರ್ಷಕ್ಕೂ ಮೇಲೆ ಹಿಡಿಯುತ್ತದಂತೆ. ಅಲ್ಲಿಯ ತನಕ ಮಂಜು ದಟ್ಟವಾಗುತ್ತಲೇ ಹೋಗುತ್ತದೆ. ಕಣ್ಣು ಕಾಣದ ಬಡಗಿಯ ಮನೆಗೆ ನಿನ್ನನ್ನು ಹೇಗೆ ಕರೆಸಲಿ? ಅದಕ್ಕೇ ಬರಬೇಡ ಎಂದೆ. ನಾಚಿಕೆ ಇದ್ದದ್ದು ನಿಜ, ನಿನ್ನ ಬಗ್ಗೆ ಅಲ್ಲ.

ಮೆಟ್ಟಿಲಿನ ಕೆಲಸ ಬೇರೆಯವರಿಗೆ ಕೊಡಿ ಎಂದು ಬಾಯಿಗೆ ಹೇಳುತ್ತೇನೆ. ಶೆಡ್ಡಿನ ಕೀಲಿ ಶೇಖರರಿಗೆ ಕೊಟ್ಟು ದಸರೆಗೆ ಊರಿಗೆ ಬರುತ್ತೇನೆ.

ಈರಣ್ಣ


ಹಳೇ ಹುಬ್ಬಳ್ಳಿ
೧೧ ಸೆಪ್ಟೆಂಬರ್ ೧೯೫೫

ದಾನವ್ವನ ಅಪ್ಪನವರಿಗೆ,

ಇಡೀ ದಿನ ಅತ್ತೆ. ನಿಮ್ಮ ಕಣ್ಣಿಗಾಗಿ ಅತ್ತೆ ಎಂದು ಸುಳ್ಳು ಹೇಳುವುದಿಲ್ಲ. ನನ್ನ ಕಾಗದಗಳಿಗಾಗಿ ಅತ್ತೆ.

ಅವನ್ನು ಅಕ್ಕಿಯ ಡಬ್ಬಿಯಲ್ಲಿ ಇಟ್ಟಿದ್ದೆ. ತೆಗೆದು ಓದಿದೆ. ಬಳೆ, ಜೇನು, ಎರಡು ಚಂದ್ರ, ದೂರದಿಂದ ಎಲ್ಲರೂ ನಾನೇ ಆಗಿ ಕಂಡದ್ದು. ಇವೆಲ್ಲ ಬೇನೆಯ ಗುರುತು ಅಂತೀರಿ. ಈ ವಯಸ್ಸಿನಲ್ಲಿ ಗಂಡ ನನ್ನ ಮೇಲೆ ಮನಸ್ಸಿಟ್ಟ ಎಂದು ಹಿಗ್ಗಿ ಮಾಳಿಗೆ ಹತ್ತಿದವಳು ನಾನು. ಆ ಮಾತುಗಳನ್ನು ಬರೆದವರು ನೀವೋ, ನಿಮ್ಮ ಕಣ್ಣಿನ ಪೊರೆಯೋ? ನನಗೆ ಇದಕ್ಕೆ ಉತ್ತರ ಬೇಕು. ಇವತ್ತೇ ಬೇಕಂತಿಲ್ಲ.

ಇವತ್ತು ಬೇಕಾದದ್ದು ಬೇರೆ. ಬಾಯಿಯ ಹತ್ತಿರ ಹೋಗಬೇಡಿ. ಮೆಟ್ಟಿಲು ಬಿಟ್ಟುಕೊಡಬೇಡಿ. ಬೇನೆ ಇರುವುದು ಕಣ್ಣಿಗೆ, ಕೈಗಲ್ಲ ಎಂದು ಆ ಮುದುಕಿಯೇ ತೋರಿಸಿಕೊಟ್ಟಿದ್ದಾಳಲ್ಲ. ಕಣ್ಣು ನನ್ನ ಹತ್ತಿರ ಎರಡಿವೆ. ದಾರದ ಇನ್ನೊಂದು ತುದಿ ಹಿಡಿಯುವುದು ನನಗೆ ಮರೆತಿಲ್ಲ.

ಮನೆಗೆ ಬೀಗ ಹಾಕಿ ಕೀಲಿಯನ್ನು ಬಸಲಿಂಗವ್ವನಿಗೆ ಕೊಡುತ್ತೇನೆ. ಬರುವ ೧೯ರ ಸೋಮವಾರ ಹೊರಟು, ಪುಣೆಯಲ್ಲಿ ಗಾಡಿ ಬದಲಿಸಿ, ದಾದರಿನಲ್ಲಿ ಇಳಿಯುತ್ತೇವೆ. ಶೇಖರ ಅಣ್ಣನವರನ್ನು ಕರೆದುಕೊಂಡು ಸ್ಟೇಷನ್ನಿಗೆ ಬನ್ನಿ. ಹತ್ಯಾರದ ಪೆಟ್ಟಿಗೆ ಭಾರ ಇದೆ.

ನಾಗವ್ವ


ಹಳೇ ಹುಬ್ಬಳ್ಳಿ
೨೪ ಜನವರಿ ೧೯೫೭

ನಾಗವ್ವ,

ಒಂದೇ ಶೆಡ್ಡಿನಲ್ಲಿ ದಿನವೆಲ್ಲ ಎದುರುಬದುರು ಕೆಲಸ ಮಾಡಿದವರು ಮತ್ತೆ ಕಾಗದ ಬರೆಯುವ ಹಾಗಾಯಿತು. ಬಲಗಣ್ಣಿನ ಪೊರೆ ತೆಗೆದ ಡಾಕ್ಟರು ಕಟ್ಟಿಗೆಯ ಪುಡಿಯಿಂದ ದೂರ ಇರು ಎಂದದ್ದೇ ನೆವ. ನನ್ನನ್ನು ಗಾಡಿ ಹತ್ತಿಸಿದೆ. ಹೋದ ನವೆಂಬರಿನಲ್ಲಿ ರಾಜ್ಯ ಬದಲಾಯಿತಲ್ಲ, ನಾನೀಗ ಮೈಸೂರು ರಾಜ್ಯದಿಂದ ಬರೆಯುತ್ತಿದ್ದೇನೆ. ಬಸಲಿಂಗವ್ವ ಎರಡು ಹೊತ್ತು ರೊಟ್ಟಿ ಕಳಿಸುತ್ತಾಳೆ, ಅವೇನೂ ಬದಲಾಗಿಲ್ಲ.

ನಿನ್ನೆ ಚಾಳೀಸು ಬಂತು. ಗಾಜು ಸೀಸೆಯ ತಳದಷ್ಟು ದಪ್ಪ. ಹಾಕಿಕೊಂಡು ಅಂಗಳಕ್ಕೆ ಬಂದೆ. ಬೇವಿನ ಮರದಲ್ಲಿ ಎಲೆ ಇದ್ದವು! ಇಷ್ಟು ದಿನ ಅಲ್ಲಿ ಒಂದು ಹಸಿರು ಮೋಡ ನಿಂತಿತ್ತು. ಒಂದೊಂದು ಎಲೆಯ ಅಂಚಿಗೂ ಗರಗಸದ ಹಲ್ಲು. ಗೋಡೆಯ ಮೇಲೆ ಇರುವೆಯ ಸಾಲು. ಬಸಲಿಂಗವ್ವನ ಗಲ್ಲದ ಮೇಲಿನ ಹಚ್ಚೆ. ಅವಳು ನಾಚಿ ಒಳಗೆ ಹೋದಳು.

ನೀನು ಮಾಡಿದ ತೊಟ್ಟಿಲನ್ನು ತರಿಸಿ ನೋಡಿದೆ. ಮೂಲೆಗಳು ಬಿಗಿಯಾಗಿವೆ. ಒಂದು ಕಾಲು ತುಸು ಗಿಡ್ಡ. ಹೇಳಿದರೆ ಜಗಳ ಆಡುತ್ತೀ, ಆದರೂ ಹೇಳಿದೆ.

ಬಾಯಿಯ ಮೆಟ್ಟಿಲನ್ನು ಮಾತ್ರ ನಾನು ಇನ್ನೂ ಕಣ್ಣಿಂದ ನೋಡಿಲ್ಲ. ಶೆಡ್ಡಿನ ನೆಲದ ಮೇಲೆ ನೀನು ಅದನ್ನು ಪೂರ್ತಿ ಅಳತೆಗೆ ಸುಣ್ಣದಲ್ಲಿ ಬರೆದದ್ದು, ಹಲಗೆಯ ಮೇಲೆ ಗೆರೆಯುದ್ದಕ್ಕೂ ದಾರ ಅಂಟಿಸಿ ಕೊಟ್ಟದ್ದು, ನಾನು ಬೆರಳಿನಿಂದ ದಾರ ಹಿಡಿದು ಉಳಿ ನಡೆಸಿದ್ದು, ಎಲ್ಲ ಕೈಗೆ ನೆನಪಿದೆ. ಮುಗಿದ ದಿನ ಬಾಯಿ ಕಣ್ಣು ಮುಚ್ಚಿ ಹತ್ತಿದರಲ್ಲ. ಕೈ ಎಲ್ಲಿಯೂ ನಿಲ್ಲಲಿಲ್ಲ ಎಂದು ನೀನೇ ನನ್ನ ಕಿವಿಯಲ್ಲಿ ಹೇಳಿದೆ.

ನೀನು ಕೇಳಿದ ಪ್ರಶ್ನೆಯೊಂದು ಬಾಕಿ ಇದೆ. ಶೆಡ್ಡಿನಲ್ಲಿ ಮುಖಕ್ಕೆ ಮುಖ ಕೊಟ್ಟು ಹೇಳಲು ನನಗೆ ಬರಲಿಲ್ಲ. ನನ್ನ ಒಂದೊಂದು ಮಾತಿಗೂ ಡಾಕ್ಟರ ಹತ್ತಿರ ಒಂದೊಂದು ಪ್ರಶ್ನೆ ಇತ್ತು. ಬಳೆ ಪೊರೆಯದು, ಎರಡನೆಯ ಚಂದ್ರನೂ ಅದರದೇ. ಆದರೆ ಅವನ್ನು ಕಂಡಾಗ ನಿನಗೆ ಹೇಳಬೇಕು ಎಂದು ಏಕೆ ಅನ್ನಿಸಿತು ಅಂತ ಡಾಕ್ಟರು ಕೇಳಲಿಲ್ಲ. ಅವರ ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಕ್ಕಿಲ್ಲ.

ಈರಣ್ಣ


ಸಾಂತಾಕ್ರೂಜ್
೧೦ ಫೆಬ್ರವರಿ ೧೯೫೭

ದಾನವ್ವನ ಅಪ್ಪನವರಿಗೆ,

ನಿಮ್ಮ ಕಾಗದ ಬಂದ ದಿನ ನಾನು ಕೆಲಸ ಮಾಡಲಿಲ್ಲ. ಸಂಗಪ್ಪ, "ಅಕ್ಕಾ, ಆರಾಮ ಇಲ್ಲೇನ್ರಿ?" ಎಂದು ಕೇಳಿದ. "ಭಾಳ ಆರಾಮ ಅದೀನಿ" ಎಂದೆ. ಮಂಗಳೂರಿನ ದೂಜ ಪಾಲಿಶ್ ಬಟ್ಟೆ ಹಿಡಿದು ನಮ್ಮಿಬ್ಬರನ್ನೂ ನೋಡಿ ನಕ್ಕ. ನೀವು ಹೋದ ಮೇಲೆ ಸೇರಿದ ಈ ಇಬ್ಬರೂ ಒಳ್ಳೆಯ ಕೆಲಸಗಾರರು.

ಸುದ್ದಿ ದೊಡ್ಡದಿದೆ. ಮೆಟ್ಟಿಲು ನೋಡಿದವರು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದಾರೆ. ಶೆಡ್ಡು ಸಾಲದೆ ಮಲಾಡಿನಲ್ಲಿ ಜಾಗ ಹಿಡಿದೆ. ಸ್ಟೇಷನ್ನಿನಿಂದ ಸ್ವಲ್ಪ ನಡೆಯಬೇಕು. ಹೆಂಚಿನ ಮಾಡು, ಹಿಂದೆ ಹುಣಸೆ ಮರ, ಪಕ್ಕದಲ್ಲೇ ಇರಲು ಎರಡು ಕೋಣೆ. ಮಧ್ಯಾಹ್ನ ಹೆಂಚಿನ ಸಂದಿಯಿಂದ ಬಿಸಿಲಿನ ಕೋಲು ಇಳಿಯುತ್ತವೆ. ರಂದಾ ಹೊಡೆದಾಗ ಏಳುವ ಪುಡಿ ಅದರಲ್ಲಿ ಕೆಳಗೆ ಬೀಳುವುದನ್ನೇ ಮರೆತು ತೇಲುತ್ತದೆ. ನೋಡುತ್ತ ನಿಂತರೆ ನಾನೂ ತೇಲುತ್ತೇನೆ. ನನ್ನ ಕಣ್ಣು ಚೆನ್ನಾಗಿವೆ, ಆದರೂ ಹೀಗೆ ಆಗುತ್ತದೆ.

ಜಾಗದ ಮಾಲೀಕರು ಕಾಗದದ ಮೇಲೆ ಯಾರ ಹೆಸರು ಬರೆಯಲಿ ಎಂದರು. ಶೇಖರ ಅಣ್ಣ, "ಇಬ್ಬರದ್ದೂ ಬರೀರಿ ಸ್ವಾಮಿ, ಒಬ್ಬರಿಂದ ಆದ ಕೆಲಸ ಅಲ್ಲ ಇದು" ಎಂದರು. ಇಬ್ಬರದೂ ಇದೆ.

ದಾನವ್ವ ಹಿಂದಿಯಲ್ಲಿ ಜಗಳ ಆಡುವಷ್ಟು ಕಲಿತಿದ್ದಾಳೆ. ನೀವು ಯುಗಾದಿಗೆ ಬನ್ನಿ. ಡಾಕ್ಟರನ್ನು ಕೇಳಿದ್ದೇನೆ, ಬರಬಹುದಂತೆ. ತೊಟ್ಟಿಲಿನ ಕಾಲು ಗಿಡ್ಡ ಇಲ್ಲ, ಬಸಲಿಂಗವ್ವನ ನೆಲ ಸರಿ ಇಲ್ಲ.

ನಾಗವ್ವ


ಹಳೇ ಹುಬ್ಬಳ್ಳಿ
೩ ಮಾರ್ಚ್ ೧೯೫೭

ನಾಗವ್ವ,

ಮಲಾಡಿನ ಸುದ್ದಿ ಕೇಳಿ ಸಂತೋಷವಾಯಿತು. ನಾನು ಇನ್ನೂ ಸ್ವಲ್ಪ ದಿನ ಇಲ್ಲೇ ಇರುತ್ತೇನೆ. ನೀನು ಚೆನ್ನಾಗಿಯೇ ನಡೆಸುತ್ತಿದ್ದೀ. ಇಲ್ಲಿ ಮನೆಯ ರಿಪೇರಿ ಇದೆ. ಹಿತ್ತಲ ಬಾಗಿಲ ಚೌಕಟ್ಟು ನಡುವೆ ಹೊಟ್ಟೆ ಬಿಟ್ಟಂತೆ ಬಾಗಿದೆ. ಕಿಟಕಿಯದೂ ಅಷ್ಟೇ. ಹಳೆಯ ಕಟ್ಟಿಗೆ. ಅವನ್ನೆಲ್ಲ ಸರಿ ಮಾಡಿ ಆಮೇಲೆ ಯೋಚಿಸುತ್ತೇನೆ.

ಈರಣ್ಣ


ಮಲಾಡ್
೧೮ ಮಾರ್ಚ್ ೧೯೫೭

ದಾನವ್ವನ ಅಪ್ಪನವರಿಗೆ,

ಆ ಚೌಕಟ್ಟು ಮಾಡಿದವರು ನಮ್ಮಪ್ಪ. ಅದು ಬಾಗುವ ಕಟ್ಟಿಗೆಯಲ್ಲ.

ಒಮ್ಮೆ ನಿಮ್ಮ ಕಾಗದವನ್ನು ತಪ್ಪಾಗಿ ಓದಿ ಮಾಳಿಗೆ ಹತ್ತಿದ್ದೆ. ಈ ಸಲ ಓದಿದವಳೇ ಸಯನ್ನಿನ ಬಸ್ಸು ಹತ್ತಿದೆ. ಡಾಕ್ಟರಿಗೆ ಕೇಳಿದೆ. ಪೊರೆ ತೆಗೆದವರಿಗೆ ಕೊಡುವ ದಪ್ಪ ಗಾಜಿನಲ್ಲಿ ನೆಟ್ಟಗಿದ್ದದ್ದು ಬಾಗಿದಂತೆ ಕಾಣುತ್ತದಂತೆ, ದೂರದ್ದು ಹತ್ತಿರ ಬಂದಂತೆ ಕಾಣುತ್ತದಂತೆ. ಎಷ್ಟೋ ಜನ ನೀರಿನ ಲೋಟಕ್ಕೆ ಕೈ ಚಾಚಿ ಚೆಲ್ಲುತ್ತಾರಂತೆ. ಗಾಜಿನ ನಡುವಿನಿಂದ ನೋಡುವುದು ರೂಢಿ ಆಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು. ಕೆಲವರಿಗೆ ಪೂರ್ತಿ ರೂಢಿ ಆಗುವುದೇ ಇಲ್ಲ ಎಂದೂ ಹೇಳಿದರು. ನಿಮ್ಮಿಂದ ಮುಚ್ಚಿಡುವುದಿಲ್ಲ.

ಕಾಣದಿದ್ದಾಗ ಕೆಲಸ ಮಾಡಿದವರು, ಕಂಡಾಗ ಹೆದರಿ ಕುಳಿತಿರಿ. ಗೆರೆ ನೆಟ್ಟಗೆ ಕಾಣದ ಬಡಗಿಗೆ ಮಲಾಡಿನಲ್ಲಿ ಏನು ಕೆಲಸ ಎಂದು ನಿಮ್ಮೊಳಗೇ ಕೇಳಿಕೊಂಡಿರುತ್ತೀರಿ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.

ಇಲ್ಲಿಯ ಒಂದು ದೊಡ್ಡ ಮನೆಯ ಸೊಸೆಯಂದಿರು ಬಂದು ದುಂಡು ಮೇಜು ಬೇಕೆಂದರು. ಗಂಡಸರು ಉಂಡೆದ್ದ ಮೇಲೆ ಉಣ್ಣುವುದು ಸಾಕಾಗಿದೆಯಂತೆ. ದುಂಡು ಮೇಜಿಗೆ ತಲೆಕಡೆ ಕಾಲ್ಕಡೆ ಇರುವುದಿಲ್ಲ, ಎಲ್ಲರೂ ಒಟ್ಟಿಗೆ ಕೂರಬಹುದು ಎಂದು ಅವರ ಲೆಕ್ಕ. ಅಂಚಿನ ತುಂಡುಗಳನ್ನು ನಾನೇ ಗೆರೆ ಹಾಕಿ ಕೊಯ್ದಿದ್ದೇನೆ. ನೆಲದ ಮೇಲೆ ದುಂಡಗೆ ಹೊಂದಿಸಿ ಇಟ್ಟಿದ್ದೇನೆ. ಬಿಸಿ ಸರೇಸಿನ ಅಂಟು ಹಚ್ಚಿದರೆ ಆರುವ ಮೊದಲೇ ಎರಡೂ ಕಡೆಯಿಂದ ಒಟ್ಟಿಗೆ ಬಿಗಿಯಬೇಕು. ಅಂಟು ಎಳೆದುಕೊಳ್ಳುವ ಗಳಿಗೆ ಕಣ್ಣಿಗೆ ಕಾಣುವುದಿಲ್ಲ, ಕೈಗೇ ತಿಳಿಯಬೇಕು. ಸಂಗಪ್ಪ ದಿನಾ ಆ ತುಂಡುಗಳನ್ನು ದಾಟುತ್ತ, "ಇವತ್ತ ಅಂಟಸೂಣೇನ್ರಿ ಅಕ್ಕಾ?" ಎಂದು ಕೇಳುತ್ತಾನೆ. "ಇನ್ನೊಬ್ರು ಬರೋದದ" ಎನ್ನುತ್ತೇನೆ. ಇಲ್ಲಿ ಕೈಗಳಿಗೆ ಕೊರತೆ ಇಲ್ಲ. ನಿಮ್ಮ ಕೈ ಬೇಕು.

ಮತ್ತೆ, ನೀವು ನನ್ನನ್ನೂ ಇನ್ನೂ ಸರಿಯಾಗಿ ನೋಡಿಲ್ಲ. ತಲೆ ಸ್ವಲ್ಪ ನರೆತಿದೆ. ಆ ಗಾಜಿನಲ್ಲಿ ಹೇಗೆ ಕಂಡರೂ ನಾನೇನೂ ಅಂದುಕೊಳ್ಳುವುದಿಲ್ಲ.

ನಾಗವ್ವ


ಪುಣೆ ಸ್ಟೇಷನ್
೩೦ ಮಾರ್ಚ್ ೧೯೫೭

ನಾಗವ್ವ,

ಗಾಡಿ ಬದಲಿಸಲು ಕುಳಿತಿದ್ದೇನೆ. ಈ ಕಾರ್ಡು ಮಲಾಡ್ ಸೇರುವ ಮೊದಲು ನಾನೇ ಸೇರಿರುತ್ತೇನೆ. ಹಾಗಿದ್ದೂ ಏಕೆ ಬರೆಯುತ್ತೀ ಎಂದು ಪಕ್ಕದವರು ಕೇಳಿದರು. ನಕ್ಕೆ.

ಎದುರಿನ ಬೆಂಚಿನ ಮೇಲೆ ಒಬ್ಬ ಮುದುಕಿ ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದಾಳೆ. ಕೆಳಗೆ ನೋಡುತ್ತಲೇ ಇಲ್ಲ, ಹಳಿಗಳ ಕಡೆ ನೋಡುತ್ತಿದ್ದಾಳೆ. ಬೆರಳು ತಮ್ಮಷ್ಟಕ್ಕೆ ಗಂಟು ಹಾಕುತ್ತಿವೆ. ಚಹಾದವನ ಕಿಟ್ಲಿಯ ಹೊಟ್ಟೆಯಲ್ಲಿ ಇಡೀ ಪ್ಲಾಟ್‌ಫಾರಂ ಬಾಗಿ ಕುಳಿತಿದೆ, ಆದರೆ ಕಿಟ್ಲಿಯಲ್ಲಿ ಅದು ಎಲ್ಲರಿಗೂ ಹಾಗೆಯೇ ಕಾಣುತ್ತದೆ. ಬಿಸಿಲು ಬಿಸಿಲಿನ ಬಣ್ಣದಲ್ಲೇ ಇದೆ. ಗಾಜಿನ ನಡುವಿನಿಂದ ನೋಡಿದರೆ ಎಲ್ಲ ಇದ್ದ ಹಾಗೆಯೇ ಕಾಣುತ್ತಿದೆ ನಾಗವ್ವ, ಆದರೂ ನಿನಗೆ ಬರೆಯಬೇಕೆನಿಸಿತು.

ಗಾಡಿ ಬಂತು. ಕಾರ್ಡು ಬಂದ ದಿನ ಕೆಲಸ ನಿಲ್ಲಿಸಿ, ನನ್ನೆದುರಿಗೇ ಕುಳಿತು ಜೋರಾಗಿ ಓದು.

ಈರಣ್ಣ